ನಾಣ್ಯಗಳ ಮೇಲಿನ ಅಚ್ಚಿನ ದೋಷಗಳು

ನಾಣ್ಯವು ಕೈಗೆ ಬಂದಾಗ ಅದರ ಬೆಲೆಯನ್ನು ನೋಡುವವರೇ ಹೆಚ್ಚು. ಅದು ಹುಟ್ಟಿದ ಬಗೆಯನ್ನು ವಿಚಾರಿಸುವವರು ವಿರಳ. ಟಂಕಸಾಲೆಯಲ್ಲಿ ಎರಡು ಉಕ್ಕಿನ ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಬಲವಾಗಿ ಒತ್ತುತ್ತಾರೆ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗಿ ಮೂಡುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ದೋಷಗಳ ಪರೀಕ್ಷೆಯಲ್ಲಿ ಅರ್ಧ ದಾರಿಯನ್ನು ಕ್ರಮಿಸಿದಂತೆಯೇ.

ಪೆಟ್ಟುಗಳನ್ನು ತಾಳಿ ತಾಳಿ ಅಚ್ಚು ಬಿರಿದರೆ, ಲೋಹವು ಆ ಬಿರುಕಿನೊಳಕ್ಕೂ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆಯಾಗಿ ನಿಲ್ಲುತ್ತದೆ. ಗೆರೆಯು ತಗ್ಗಾಗಿದ್ದರೆ ಅದು ಬಹುಮಟ್ಟಿಗೆ ಆಮೇಲೆ ಬಿದ್ದ ಗೀರೆಂದು ತಿಳಿಯಬೇಕು. ಅಚ್ಚಿನ ಅಕ್ಷರಗಳಲ್ಲಿ ಎಣ್ಣೆಯೂ ಧೂಳೂ ಸೇರಿ ಗಟ್ಟಿಯಾದರೆ ಅಲ್ಲಿಯ ಅಂಕೆಯೋ ಅಕ್ಷರವೋ ಮಸುಕಾಗಿ, ಕೆಲವೊಮ್ಮೆ ಮೂಡದೆಯೇ ಹೋಗುತ್ತದೆ. ಇವೆರಡೂ ಅಚ್ಚಿಗೆ ಸೇರಿದ ದೋಷಗಳು. ಆದುದರಿಂದ ಆ ಸ್ಥಿತಿಯಲ್ಲಿದ್ದ ಅಚ್ಚಿನಿಂದ ಹೊರಟ ನಾಣ್ಯಗಳಲ್ಲೆಲ್ಲ ಅವು ಅದೇ ಸ್ಥಳದಲ್ಲಿ ಕಾಣಿಸುತ್ತವೆ. ಒತ್ತುವಾಗ ಬಿಲ್ಲೆಯು ಜರುಗಿ ಚಿತ್ರವು ಅಂಚಿನಾಚೆಗೆ ಹೋದರೆ ಅದು ಆ ಒಂದು ನಾಣ್ಯದ ಪಾಡು ಮಾತ್ರ.

ಇದೆಲ್ಲ ಬರಿಯ ಕುತೂಹಲದ ವಿಷಯವೆಂದು ವಾಚಕರು ಭಾವಿಸಬಾರದು. ಇದರಿಂದ ಅರಸರ ಹೆಸರುಗಳೇ ಬೆಳಕಿಗೆ ಬಂದುದುಂಟು. ವಿದರ್ಭದ ತರ್ಹಾಳಾ ಎಂಬ ಹಳ್ಳಿಯಲ್ಲಿ 1939ರಲ್ಲಿ ಶಾತವಾಹನರ ಸಾವಿರಕ್ಕೂ ಮಿಗಿಲಾದ ನಾಣ್ಯಗಳ ನಿಧಿಯೊಂದು ದೊರೆಯಿತು. ನಾಗಪುರದ ವಿದ್ವಾಂಸರಾದ ಮಹಾಮಹೋಪಾಧ್ಯಾಯ ವಾಸುದೇವ ವಿಷ್ಣು ಮಿರಾಶಿಯವರು ಅವುಗಳನ್ನು ಪರಿಶೀಲಿಸಿ ಪ್ರಕಟಿಸಿದರು. ತಾಮ್ರದೊಡನೆ ಇತರ ಲೋಹಗಳನ್ನು ಬೆರೆಸಿದ ಸಣ್ಣ ನಾಣ್ಯಗಳಿವು. ಒಂದು ಮುಖದಲ್ಲಿ ಆನೆ ಮತ್ತು ಬ್ರಾಹ್ಮೀ ಅಕ್ಷರಗಳು, ಇನ್ನೊಂದರಲ್ಲಿ ಉಜ್ಜಯಿನಿಯ ಚಿಹ್ನೆಯೆಂದು ಕರೆಯಲಾಗುವ, ಅಡ್ಡಗೆರೆಗಳಿಂದ ಕೂಡಿಸಿದ ನಾಲ್ಕು ವೃತ್ತಗಳು.

ಇಂತಹ ನಾಣ್ಯಗಳಲ್ಲಿ ಬರಹವು ಪೂರ್ಣವಾಗಿ ದೊರೆಯುವುದು ಅಪರೂಪ. ಬಿಲ್ಲೆ ಕಿರಿದು, ಅಚ್ಚಿನ ಬರಹ ಅದಕ್ಕಿಂತ ಅಗಲ; ಸಾಲದುದಕ್ಕೆ ಪೆಟ್ಟೂ ಓರೆ. ಒಂದರಲ್ಲಿ ಅರಸನ ಹೆಸರಿನ ಮೊದಲ ಅಕ್ಷರಗಳುಳಿದರೆ ಮತ್ತೊಂದರಲ್ಲಿ ಕೊನೆಯವು. ಒಂದೇ ಬಗೆಯ ಹಲವು ನಾಣ್ಯಗಳನ್ನು ಸಾಲಾಗಿಟ್ಟು, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿ ಓದಬೇಕು. ಪೆಟ್ಟು ಜರುಗಿ ಕಳೆದುಹೋದ ಅಕ್ಷರ ಯಾವುದು, ಅಚ್ಚಿನಲ್ಲಿಯೇ ಇಲ್ಲದ ಅಕ್ಷರ ಯಾವುದು ಎಂಬ ವಿವೇಕವಿಲ್ಲದಿದ್ದರೆ ಇಲ್ಲದ ಅರಸನೊಬ್ಬನನ್ನು ಸೃಷ್ಟಿಸಿಬಿಡುವ ಅಪಾಯವುಂಟು! ಮಿರಾಶಿಯವರು ಈ ನಿಧಿಯಲ್ಲಿ ಪುರಾಣಗಳ ವಂಶಾವಳಿಯಲ್ಲಿಲ್ಲದ ಕುಂಭ ಶಾತಕರ್ಣಿ, ಕರ್ಣ ಶಾತಕರ್ಣಿ, ಶಕ ಶಾತಕರ್ಣಿ ಎಂಬ ಹೆಸರುಗಳನ್ನು ಓದಿದರು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಶಾತವಾಹನರ ಕಾಲದ ನಾಣ್ಯಗಳು ದೊರೆತಿರುವುದರಿಂದ ಈ ವಿಷಯವು ಕನ್ನಡಿಗರಾದ ನಮಗೂ ದೂರದ್ದಲ್ಲ.

ಟಂಕಸಾಲೆಯಿಂದ ಹೊರಟ ಮೇಲೆ ತಗಲಿದ ಗಾಯಗಳನ್ನು ದೋಷಗಳೊಡನೆ ಬೆರೆಸಬಾರದು. ಹಳೆಯ ಬೆಳ್ಳಿಯ ರೂಪಾಯಿಗಳ ಮೇಲೆ ಸಣ್ಣ ಸಣ್ಣ ಗುರುತುಗಳು ತಗ್ಗಾಗಿ ಒತ್ತಿರುವುದುಂಟು. ಬೆಳ್ಳಿಯ ಸಾಚಾತನವನ್ನು ಪರೀಕ್ಷಿಸಿದ ಸರಾಫರ ಮುದ್ರೆಗಳು ಅವು. ಅವುಗಳಿಂದ ವ್ಯಾಪಾರದ ಕಥೆ ತಿಳಿಯುತ್ತದೆಯೇ ಹೊರತು ಅಚ್ಚಿನ ಕಥೆಯಲ್ಲ.

ಇಂದಿನ ನಾಣ್ಯಗಳಲ್ಲಿ ನಾವೇ ಮಾಡಬಹುದಾದ ಪರೀಕ್ಷೆಯೊಂದಿದೆ. ರೂಪಾಯಿಯನ್ನು ನೆಟ್ಟಗೆ ಹಿಡಿದು, ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುಗಿಸಬೇಕು. ಹಿಂದಿನ ಚಿತ್ರವೂ ನೆಟ್ಟಗೆ ನಿಲ್ಲುವುದು ಕ್ರಮ. ಅದು ಓರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ ಅಚ್ಚುಗಳಲ್ಲೊಂದು ತನ್ನ ನೆಲೆಯಲ್ಲಿ ತಿರುಗಿತ್ತೆಂದು ಅರ್ಥ. ಇದನ್ನು ಗೀರಿಯೋ ಉಜ್ಜಿಯೋ ಕೃತಕವಾಗಿ ಮಾಡಲಾಗದು. ಆದರೆ ಅಂಕೆಯನ್ನು ಅರೆದು ತೆಗೆದು, ಅಪರೂಪದ ದೋಷವೆಂದು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ಅಂತಹ ಕಡೆ ಭೂತಗನ್ನಡಿ ಹಿಡಿದರೆ ಅರದ ಗೆರೆಗಳು ಸಾಮಾನ್ಯವಾಗಿ ಕಂಡುಬರುತ್ತವೆ.

ಟಂಕಸಾಲೆಯ ಗುರುತಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಇಸವಿಯ ಕೆಳಗೆ ಮುಂಬಯಿಯವರು ವಜ್ರಾಕೃತಿಯನ್ನೂ, ಹೈದರಾಬಾದಿನವರು ನಕ್ಷತ್ರವನ್ನೂ, ನೋಯಿಡಾದವರು ಚುಕ್ಕೆಯನ್ನೂ ಇಡುವುದು ರೂಢಿ. ಕೋಲ್ಕತ್ತಾದವರು ಏನನ್ನೂ ಇಡುವುದಿಲ್ಲ. ಮುಂಬಯಿಯ ಅಚ್ಚಿನಲ್ಲಿ ಆ ಪುಟ್ಟ ವಜ್ರದ ತಗ್ಗು ಮುಚ್ಚಿಹೋದರೆ ನಾಣ್ಯವು ಕೋಲ್ಕತ್ತಾದ್ದೆಂದೇ ತೋರುತ್ತದೆ. ಆಗ ಇಸವಿಯ ಅಂಕೆಗಳ ಆಕಾರವನ್ನೂ ಅಂತರವನ್ನೂ ಎರಡೂ ಊರುಗಳ ನಿಸ್ಸಂದೇಹವಾದ ನಾಣ್ಯಗಳೊಡನೆ ಹೋಲಿಸಿ ನೋಡಿದ ಮೇಲೆಯೇ ಹೆಸರು ಬರೆದಿಡತಕ್ಕದ್ದು.