ದುಬೈ ಫೈಟಿಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನನ್ನ ತಮ್ಮನಿಗೆ 23 ವರ್ಷ. ಹೈಸ್ಕೂಲಿನಿಂದಲೂ ಬಾಕ್ಸಿಂಗ್ ಹುಚ್ಚು. ರಾಜ್ಯಮಟ್ಟದಲ್ಲಿ ಪದಕ ಗೆದ್ದವನು ಎರಡು ವರ್ಷದ ಹಿಂದೆ ಪ್ರೊಫೆಷನಲ್ ಆದ. ಮೊದಲ ಆರು ಪಂದ್ಯ ಗೆದ್ದ. ಏಳನೆಯದರಲ್ಲಿ ನಾಲ್ಕನೇ ಸುತ್ತಿಗೇ ನಾಕೌಟ್ ಆದ. ಅದಾಗಿ ಐದು ವಾರ. ಈಗ ಎರಡು ಕರೆ ಬಂದಿವೆ. ಒಂದು, ಸೋಲಿಸಿದ ಹುಡುಗನ ಜೊತೆಗೇ ಎರಡು ತಿಂಗಳಲ್ಲಿ ಮರುಪಂದ್ಯ, ದುಡ್ಡು ಕಡಿಮೆ. ಇನ್ನೊಂದು ದುಬೈನಲ್ಲಿ. ಮೂರೇ ವಾರ ಇದೆ, ಇವನು ಆಡುವ 61 ಕೆಜಿ ಬಿಟ್ಟು ಎರಡು ವಿಭಾಗ ಮೇಲೆ, 66 ಕೆಜಿ ದಾಟಿದವರ ಜೊತೆ ಆಡಬೇಕು, 12 ಲಕ್ಷ ಕೊಡುತ್ತಾರಂತೆ. ಅಪ್ಪನ ಆಪರೇಷನ್‌ಗೆ ಮಾಡಿದ ಸಾಲ ಇನ್ನೂ ತೀರಿಲ್ಲ. "ಅಕ್ಕಾ, ಇದೊಂದು ಫೈಟ್ ಆಡ್ತೀನಿ, ಸಾಲ ಎಲ್ಲಾ ಹರೀತೈತಿ" ಅಂತಾನೆ. ಕೋಚ್ ಕೂಡ ಹೋಗು ಅನ್ನುತ್ತಿದ್ದಾರೆ. ಸೋತೆ ಅನ್ನೋದು ಅವನನ್ನು ಕೊರೆಯುತ್ತಿದೆ. ಸರಿಯಾಗಿ ನಿದ್ದೆ ಮಾಡಲ್ಲ, ತಲೆನೋವು ಅಂತ ದಿನಾ ರಾತ್ರಿ ಮಾತ್ರೆ ನುಂಗುತ್ತಾನೆ. ಅವನಿಗೆ ಏನು ಹೇಳಲಿ?
ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರದಲ್ಲಿ ಸಾಲ, ದುಬೈ, ಲಕ್ಷ ಎಲ್ಲ ಮೊದಲು ಬಂದು ಮಾತ್ರೆಯ ಸುದ್ದಿ ಕಟ್ಟಕಡೆಗೆ ಬಂದಿದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಾಕೌಟ್ ಆಗಿ ಐದು ವಾರ ಕಳೆದ ಮೇಲೂ ತಲೆನೋವು ಬಿಟ್ಟಿಲ್ಲ, ನಿದ್ದೆ ಹತ್ತುತ್ತಿಲ್ಲ ಎಂದರೆ ಅದನ್ನು ಸೋಲಿನ ಬೇಜಾರು ಎಂದು ತಳ್ಳಿಹಾಕಬೇಡಿ. ಮೆದುಳಿಗೆ ಬಿದ್ದ ಪೆಟ್ಟು ಮಾಯುವ ಮೊದಲೇ ಮತ್ತೊಂದು ಪೆಟ್ಟು ಬಿದ್ದರೆ, ಅದು ಸಣ್ಣದಾದರೂ ಪ್ರಾಣಕ್ಕೆ ಕುತ್ತು ತರಬಹುದು. ಮಾತ್ರೆ ನುಂಗಿದರೆ ನೋವು ಅಡಗುತ್ತದೆ, ಒಳಗಿನ ಗಾಯ ಹಾಗೇ ಇರುತ್ತದೆ. ನಾಳೆಯೇ ನಿಮ್ಮೂರಿನ ಕಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ನರರೋಗ ತಜ್ಞರಿಗೆ ತೋರಿಸಿ, ಅವರು ಹೇಳಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಿಬನ್ನಿ. "ಬಾಕ್ಸಿಂಗ್‌ನಲ್ಲಿ ನಾಕೌಟ್ ಆಗಿದ್ದ" ಎಂದು ಡಾಕ್ಟರ ಮುಂದೆ ನೀವೇ ಬಾಯಿಬಿಟ್ಟು ಹೇಳಿ. ಈ ವಯಸ್ಸಿನ ಹುಡುಗರು ಅದನ್ನು ಮುಚ್ಚಿಡುತ್ತಾರೆ. ಅಲ್ಲಿಯವರೆಗೆ ಸ್ಪಾರಿಂಗ್ ಕೂಡ ಬೇಡ.

ಹೆದರಿಸುತ್ತಿದ್ದೇನೆ ಅನ್ನಿಸಬಹುದು. ಆದರೆ 2022ರ ಜುಲೈನಲ್ಲಿ ಬೆಂಗಳೂರಿನಲ್ಲೇ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ಹುಡುಗನೊಬ್ಬ ಆಮೇಲೆ ಆಸ್ಪತ್ರೆಯಲ್ಲಿ ತೀರಿಹೋದ. ಪಂದ್ಯದ ಜಾಗದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ದೂರಿದ್ದರು. ಎಲ್ಲೇ ಆಡಲಿ, ರಿಂಗ್ ಪಕ್ಕ ಡಾಕ್ಟರ್ ಇದ್ದಾರೆಯೇ, ಬಾಗಿಲಲ್ಲಿ ಆಂಬ್ಯುಲೆನ್ಸ್ ನಿಂತಿದೆಯೇ ಎಂದು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಈಗ ದುಬೈ. ನನ್ನ ಉತ್ತರ: ಬೇಡ. ಹಣ ದೊಡ್ಡದು ಅಂತಲ್ಲ, ತೂಕದ ಕಾರಣಕ್ಕೆ. ಇಂಗ್ಲೆಂಡಿನ ಕೆಲ್ ಬ್ರೂಕ್ ಕಥೆಯನ್ನು ತಮ್ಮನಿಗೆ ಹೇಳಿ, ಅವನು ಆ ಹೆಸರು ಕೇಳಿರುತ್ತಾನೆ. 66.7 ಕೆಜಿ ವಿಭಾಗದ ವಿಶ್ವ ಚಾಂಪಿಯನ್, 36 ಪಂದ್ಯ ಆಡಿ 36ನ್ನೂ ಗೆದ್ದವನು. 2016ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಮೊತ್ತದ ಪಂದ್ಯಕ್ಕೆಂದು ಎರಡು ವಿಭಾಗ ಹಾರಿ 72.6 ಕೆಜಿಗೆ ಹೋಗಿ ಆ ತೂಕದ ಚಾಂಪಿಯನ್ ಗೆನ್ನಡಿ ಗೊಲೊವ್ಕಿನ್ ಮುಂದೆ ನಿಂತ. ಚೆನ್ನಾಗಿಯೇ ಆಡಿದ. ಆದರೆ ಕಣ್ಣುಗೂಡಿನ ಮೂಳೆ ಮುರಿಯಿತು. ಐದನೇ ಸುತ್ತಿನಲ್ಲಿ ಅವನ ಕೋಚ್ ಡೊಮಿನಿಕ್ ಇಂಗಲ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಎಂಟು ತಿಂಗಳ ನಂತರ ತನ್ನ ಹಳೆಯ ತೂಕಕ್ಕೆ ಮರಳಿ, ತನ್ನೂರು ಶೆಫೀಲ್ಡ್‌ನಲ್ಲೇ ಎರಾಲ್ ಸ್ಪೆನ್ಸ್ ಜೊತೆ ಆಡಿದಾಗ ಇನ್ನೊಂದು ಕಣ್ಣಿನ ಮೂಳೆಯೂ ಮುರಿದು, 11ನೇ ಸುತ್ತಿನಲ್ಲಿ ಮಂಡಿಯೂರಿ ಕೂತುಬಿಟ್ಟ. ಚಾಂಪಿಯನ್ ಪಟ್ಟವೂ ಹೋಯಿತು. ಎಲ್ಲ ಸವಲತ್ತು ಇದ್ದು, ತಿಂಗಳುಗಟ್ಟಲೆ ತಯಾರಿ ಮಾಡಿದವನ ಪಾಡು ಇದು. ನಿಮ್ಮ ತಮ್ಮನಿಗೆ ಇರುವುದು ಮೂರು ವಾರ, ಜೊತೆಗೆ ತಲೆನೋವು.

ಬ್ರೂಕ್‌ನ ಕೋಚ್ ಟವೆಲ್ ಎಸೆದರಲ್ಲ, ಆ ಮಾತನ್ನು ಇಲ್ಲಿಗೆ ಬಿಡಬಾರದು. ನಿಮ್ಮ ತಮ್ಮನ ಕೋಚ್ ಹೋಗು ಅನ್ನುತ್ತಿದ್ದಾರೆ. ಆ 12 ಲಕ್ಷದಲ್ಲಿ ಅವರ ಪಾಲು ಎಷ್ಟು? ಕೋಚಿಗೆ ಪಾಲು ಕೊಡುವುದು ಈ ಆಟದಲ್ಲಿ ರೂಢಿಯೇ, ತಪ್ಪಲ್ಲ. ಆದರೆ ಅವರೇ ಮ್ಯಾನೇಜರ್ ಕೂಡ ಆಗಿದ್ದು, ಪಂದ್ಯ ಕುದುರಿಸಿದ ಏಜೆಂಟ್ ಹತ್ತಿರವೂ ಅವರದೇ ಮಾತುಕತೆ ಇದ್ದರೆ, ಬೇಡ ಅನ್ನುವವರು ಯಾರು? ಅಮೆರಿಕದಲ್ಲಿ 2000ದಲ್ಲಿ ಮುಹಮ್ಮದ್ ಅಲಿ ಹೆಸರಿನಲ್ಲೇ ಒಂದು ಕಾನೂನು ಬಂತು. ಪ್ರಮೋಟರ್ ಮತ್ತು ಮ್ಯಾನೇಜರ್ ಒಬ್ಬರೇ ಆಗಿ ಬಾಕ್ಸರನ್ನು ಮಾರಿಕೊಳ್ಳದಂತೆ ತಡೆಯುವುದು ಅದರ ಒಂದು ಉದ್ದೇಶ. ನಮ್ಮಲ್ಲಿ ಅಂಥ ರಕ್ಷಣೆ ಇಲ್ಲ, ಅಕ್ಕನೇ ಆ ಕೆಲಸ ಮಾಡಬೇಕು.

ಮರುಪಂದ್ಯಕ್ಕೆ ನನ್ನ ವಿರೋಧವಿಲ್ಲ, ಅವಸರಕ್ಕೆ ಇದೆ. 2019ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆಂಡಿ ರೂಯಿಜ್, ಕೊನೇ ಗಳಿಗೆಯ ಬದಲಿಯಾಗಿ ಬಂದು ಹೆವಿವೇಟ್ ವಿಶ್ವ ಚಾಂಪಿಯನ್ ಆಂಟನಿ ಜೋಶುವಾನನ್ನು ಏಳನೇ ಸುತ್ತಿನಲ್ಲಿ ಸೋಲಿಸಿಬಿಟ್ಟ. ಕಡಿಮೆ ಸಮಯದಲ್ಲಿ ಒಪ್ಪಿಕೊಂಡ ಪಂದ್ಯ ಅದೃಷ್ಟ ಬದಲಿಸಿದ್ದೂ ಉಂಟು ಎಂದು ತಮ್ಮ ವಾದಿಸಿದರೆ ಈ ಉದಾಹರಣೆಯನ್ನೇ ಕೊಡುತ್ತಾನೆ, ಒಪ್ಪಿಕೊಳ್ಳಿ. ಆಮೇಲಿನದನ್ನೂ ಹೇಳಿ. ಆರು ತಿಂಗಳಿಗೆ ಸೌದಿಯಲ್ಲಿ ಮರುಪಂದ್ಯ ನಡೆಯಿತು. ಸೋತಿದ್ದ ಜೋಶುವಾ ಸುಮಾರು ನಾಲ್ಕೂವರೆ ಕೆಜಿ ಇಳಿಸಿ, ಹೊಡೆದಾಡುವ ಬದಲು ದೂರ ನಿಂತು ಜ್ಯಾಬ್ ಹೊಡೆಯುವ ಆಟ ಕಲಿತು ಬಂದ. ಗೆದ್ದಿದ್ದ ರೂಯಿಜ್ ಏಳು ಕೆಜಿ ಏರಿಸಿಕೊಂಡು ಬಂದು ಪಾಯಿಂಟ್ಸ್‌ನಲ್ಲಿ ಸೋತ. ನಿಮ್ಮ ತಮ್ಮ ಯಾವ ಪಂಚಿಗೆ ಬಿದ್ದ, ಕೈ ಎಲ್ಲಿ ಇಳಿಸಿದ್ದ ಎಂದು ವಿಡಿಯೊ ನೋಡಿದ್ದಾನೆಯೇ? ನೋಡದೆ ಎರಡು ತಿಂಗಳಲ್ಲಿ ಅದೇ ಹುಡುಗನ ಮುಂದೆ ನಿಂತರೆ ಅದೇ ಪಂಚ್ ಕಾದಿರುತ್ತದೆ. ಡಾಕ್ಟರ್ ಒಪ್ಪಿದ ಮೇಲೆ ತನ್ನದೇ ತೂಕದಲ್ಲಿ ಒಂದೆರಡು ಸಣ್ಣ ಪಂದ್ಯ ಆಡಿ, ಮುಂದಿನ ವರ್ಷ ಮರುಪಂದ್ಯಕ್ಕೆ ಹೋಗಲಿ.

ಇದೇ ರೂಯಿಜ್ ಕಥೆಯಲ್ಲಿ ಇನ್ನೊಂದು ಪಾಠವಿದೆ. ಗೆದ್ದವನು ಅವನೇ ಆದರೂ, ಮೊದಲೇ ಬರೆದಿಟ್ಟ ಮರುಪಂದ್ಯದ ಷರತ್ತಿನಿಂದ ಮುಂದಿನ ಪಂದ್ಯವನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ಯಾವುದೇ ಕರಾರು ಬಂದರೂ ವಕೀಲರಿಂದ ಓದಿಸಿ. ಗೆದ್ದರೆ ಇವನು ಎಷ್ಟು ಪಂದ್ಯಕ್ಕೆ ಕಟ್ಟುಬೀಳುತ್ತಾನೆ, ಗಾಯವಾದರೆ ಆಸ್ಪತ್ರೆ ಬಿಲ್ಲು ಯಾರದು, ಎಲ್ಲ ಕಳೆದು ಕೈಗೆ ಬರುವುದೆಷ್ಟು, ಅದರಲ್ಲಿ ಮುಂಗಡ ಎಷ್ಟು ಎಂದು ನೋಡಿ. 12 ಲಕ್ಷ ಎನ್ನುವುದು ಪೋಸ್ಟರ್ ಮೇಲಿನ ಮೊತ್ತ.

ಸೋತೆ ಎಂಬ ಕೊರಗಿಗೆ ಬಾಕ್ಸರ್ ಕನೆಲೊ ಅಲ್ವಾರೆಜ್‌ನನ್ನು ನೆನಪಿಸಿ. 2013ರಲ್ಲಿ ಮೇವೆದರ್ ಎದುರು ಮೊದಲ ಸಲ ಸೋತಾಗ ಅವನಿಗೂ 23 ವರ್ಷ. ಪಾಯಿಂಟ್ಸ್‌ನಲ್ಲಿ ಸೋತ, ಪೆಟ್ಟು ತಿಂದು ಮೂಲೆ ಸೇರಲಿಲ್ಲ. 2021ರಲ್ಲಿ ಸೂಪರ್ ಮಿಡಲ್‌ವೇಟ್‌ನ ನಾಲ್ಕೂ ವಿಶ್ವಪಟ್ಟ ಅವನ ಸೊಂಟದಲ್ಲಿದ್ದವು.

ಸಾಲದ ವಿಷಯ. ಅದು ಮನೆಯ ಸಾಲ, ಅವನೊಬ್ಬನ ಮೇಲಿನ ಭಾರವಲ್ಲ ಎಂದು ನೀವೂ ಅಪ್ಪನೂ ಅವನೆದುರು ಕೂತು ಒಮ್ಮೆ ಹೇಳಿ. ರೈಲ್ವೆ ಕ್ರೀಡಾ ಕೋಟಾ ಬಗ್ಗೆ ನಿಮ್ಮೂರಲ್ಲೇ ಇರುವ ನೈರುತ್ಯ ರೈಲ್ವೆ ಕಚೇರಿಯಲ್ಲಿ ವಿಚಾರಿಸಿ. ವಯೋಮಿತಿ 25. ಅಲ್ಲಿ ನೋಡುವುದು ಮಾನ್ಯತೆ ಪಡೆದ ಚಾಂಪಿಯನ್‌ಶಿಪ್‌ಗಳ ಇತ್ತೀಚಿನ ಸಾಧನೆ, ಹಾಗಾಗಿ ಇವನ ಹಳೆಯ ಪದಕ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ದುಬೈನವರು "ಇವತ್ತೇ ಹೇಳಿ, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ" ಎಂದು ಒತ್ತಡ ಹೇರಬಹುದು, ಹೇರಲಿ. ಡಾಕ್ಟರ ವರದಿ ಕೈಗೆ ಬರುವ ತನಕ ತಮ್ಮ ಯಾವ ಕಾಗದಕ್ಕೂ ಸಹಿ ಹಾಕದಂತೆ ನೋಡಿಕೊಳ್ಳಿ. ವರದಿ ಬಂದ ಮೇಲೆ ಮತ್ತೆ ಬರೆಯಿರಿ.