ದಂಡ ಕಟ್ಟಲಾಗದಿದ್ದರೆ: ಭಾರತೀಯ ನ್ಯಾಯ ಸಂಹಿತೆ ಕಲಂ 8

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 8, ದಂಡ ತೆರದವರ ಸಜೆಯನ್ನು ನಿಗದಿಪಡಿಸುತ್ತದೆ. ಬರೀ ದಂಡ ವಿಧಿಸಬಹುದಾದ ಅಪರಾಧವಾದರೆ ಸಾದಾ ಸಜೆ ಮಾತ್ರ: ₹5,000ವರೆಗಿನ ದಂಡಕ್ಕೆ ಗರಿಷ್ಠ 2 ತಿಂಗಳು, ₹10,000ವರೆಗೆ 4 ತಿಂಗಳು, ಅದಕ್ಕೂ ಮೀರಿದರೆ 1 ವರ್ಷ. ಜೈಲು ಮತ್ತು ದಂಡ ಎರಡೂ ಇರುವ ಅಪರಾಧದಲ್ಲಿ ಈ ಅವಧಿ ಗರಿಷ್ಠ ಶಿಕ್ಷೆಯ ಕಾಲುಭಾಗ ದಾಟುವಂತಿಲ್ಲ.

ಹಲವರು ಎಡವುವುದು ಭಾಗಶಃ ಪಾವತಿಯ ಲೆಕ್ಕದಲ್ಲಿ. ಜೈಲು ಮತ್ತು ದಂಡ ಎರಡೂ ಇರುವ ಅಪರಾಧವೊಂದರಲ್ಲಿ ₹1,000 ದಂಡ, ತಪ್ಪಿದರೆ 4 ತಿಂಗಳು ಸಜೆ ಎನ್ನೋಣ. ಮೊದಲ ತಿಂಗಳು ಮುಗಿಯುವುದರೊಳಗೆ ಮನೆಯವರು ₹750 ಹೊಂದಿಸಿ ಕಟ್ಟಿದರೆ, ಆ ತಿಂಗಳು ತುಂಬಿದ ಕೂಡಲೇ ಬಿಡುಗಡೆ. ಪೂರ್ತಿ ಕಟ್ಟಿದರೆ ಆ ಕ್ಷಣವೇ.

ಇನ್ನೊಂದು ದಾರಿಯುಂಟು, ಬಡವರಿಗೆ ಇದೇ ಹೆಚ್ಚು ಮುಖ್ಯ, ಆದರೆ ಗೊತ್ತಿರುವವರು ಕಡಿಮೆ. ಬರೀ ದಂಡದ ಶಿಕ್ಷೆಯಾಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 464ರಡಿ ನ್ಯಾಯಾಲಯ 30 ದಿನ ಗಡುವು ಅಥವಾ ಎರಡು-ಮೂರು ಕಂತು ಕೊಡಬಹುದು.

ಕೇಂದ್ರದ ಬಡ ಕೈದಿಗಳ ನೆರವು ಯೋಜನೆ (2023) ಕೂಡ ನೆನಪಿರಲಿ: 2023ರ ಮಾರ್ಗಸೂಚಿಯಲ್ಲಿ ದಂಡ ಕಟ್ಟಲಾಗದ ಶಿಕ್ಷಿತ ಕೈದಿಗೆ ₹25,000ವರೆಗೆ, ಜಾಮೀನು ಹಣವಿಲ್ಲದ ವಿಚಾರಣಾಧೀನ ಕೈದಿಗೆ ₹40,000ವರೆಗೆ ನೆರವು ಇತ್ತು.