ಕಾಂಗ್ರೆಸ್ ಗಿಡ: ಬಿಳಿ ಹೂ ಕಾಣುವ ಮೊದಲೇ ಕೀಳಿ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ರೈತರ, ರೇಷ್ಮೆ ಬೆಳೆಗಾರರ, ದನ ಸಾಕುವವರ ಗಮನಕ್ಕೆ

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ವರ್ಷದೊಳಗೇ ಸಾಯುವ ಗಿಡ. ಅದು ಉಳಿದಿರುವುದು ಬೀಜದಿಂದ ಮಾತ್ರ. ಚೆನ್ನಾಗಿ ಬೆಳೆದ ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತವೆ. ಹೂವಾದ ಮೇಲೆ ಕಿತ್ತವರು ಬೀಜ ಬಿತ್ತಿದಂತೆಯೇ.

ಗುರುತು: ಎಳೆಯದರಲ್ಲಿ ಎಲೆಗಳು ನೆಲಕ್ಕಂಟಿ ಸುತ್ತ ಹರಡಿರುತ್ತವೆ, ಕ್ಯಾರೆಟ್ ಸೊಪ್ಪಿನ ಹಾಗೆ ಸೀಳು ಸೀಳು. ಆಮೇಲೆ ಗೀರುಬಿದ್ದ, ರೋಮದ ಕಾಂಡ ಮೇಲೇಳುತ್ತದೆ. ಮೊಳೆತು ತಿಂಗಳು, ಒಂದೂವರೆ ತಿಂಗಳಿಗೇ ಹೂ ಬಂದುಬಿಡುತ್ತದೆ.

ಮಾಡಬೇಕಾದ್ದು

ಮಳೆಯಾಗಿ ನೆಲ ಹಸಿಯಿರುವಾಗ ಬೇರು ಸಮೇತ ಕೀಳಿ. ಮೇ ತಿಂಗಳ ಮಳೆಗೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಮಳೆಗೊಮ್ಮೆ ಹೊಸದಾಗಿ ಹುಟ್ಟುತ್ತದೆ. ಎರಡು ಸಲವೂ ಇಳಿಯಬೇಕು. ಹೊಲ ಮಾತ್ರ ಸಾಲದು, ಬದು, ಕಾಲುವೆ ಏರಿ, ಮಾದಪ್ಪನ ಬೆಟ್ಟದ ರಸ್ತೆಬದಿಯನ್ನೂ ಊರವರು ಸೇರಿ ಹಸನು ಮಾಡಿ.

ಗ್ಲೌಸ್, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಕಡ್ಡಾಯ. ಕೂಲಿಗೆ ಬರುವ ಹೆಣ್ಣುಮಕ್ಕಳಿಗೆ ಇವನ್ನು ಕೊಡುವುದು ಜಮೀನಿನವರ ಹೊಣೆ. ಉಬ್ಬಸ, ಚರ್ಮದ ತುರಿಕೆ ಇರುವವರನ್ನು ಈ ಕೆಲಸಕ್ಕೆ ಕರೆಯಲೇಬೇಡಿ. ಈ ಗಿಡದ ಅಲರ್ಜಿ ಹತ್ತಿದವರು ವರ್ಷಾನುಗಟ್ಟಲೆ ನರಳುತ್ತಾರೆ.

ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿ. ಹೂವಾಗಿದ್ದರೆ ಅಲುಗಿಸದೆ ಚೀಲಕ್ಕೆ ತುಂಬಿ ಆಳವಾಗಿ ಹೂಳಿ.

ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಅಂಕುಡೊಂಕು ಗೆರೆಯ ಪುಟ್ಟ ಜೀರುಂಡೆ ಎಲೆ ತಿನ್ನುತ್ತಿದ್ದರೆ ಕಾಪಾಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ತಳಿ ಅದು, ಈ ಕಳೆಯ ಶತ್ರು.

ಮಾಡಬಾರದ್ದು

ಕುಡುಗೋಲಿನಿಂದ ಮೇಲೆ ಸವರಬೇಡಿ. ಬುಡದಿಂದ ಮತ್ತೆ ಚಿಗುರುತ್ತದೆ. ಕಿತ್ತದ್ದನ್ನು ಕಾಲುವೆಗೋ ಸುವರ್ಣಾವತಿಗೋ ತಳ್ಳಬೇಡಿ, ಕೆಳಗಿನ ಗದ್ದೆಗಳಿಗೆಲ್ಲ ಬೀಜ ಹೋಗುತ್ತದೆ. ಮೇವಿನಲ್ಲಿ ಬೆರೆಸಬೇಡಿ: ಹಾಲು ಕಹಿಯಾಗುತ್ತದೆ, ದನಕ್ಕೂ ಕೇಡು.

ಹಿಪ್ಪುನೇರಳೆ ತೋಟದ ಹತ್ತಿರ ಯಾವ ಕಳೆನಾಶಕವನ್ನೂ ಹೊಡೆಯಬೇಡಿ. ಗಾಳಿಗೆ ತೇಲಿದ ಟು-ಫೋರ್-ಡಿ ಕಳೆನಾಶಕ ಹಿಪ್ಪುನೇರಳೆ, ಹತ್ತಿ, ಹುರುಳಿ ಎಲೆಯನ್ನು ಮುರುಟಿಸುತ್ತದೆ. ಔಷಧ ಬಿದ್ದ ಸೊಪ್ಪು ಹುಳುಮನೆಗೆ ಹೋಗಲೇಬಾರದು. ಬೇರೆಡೆ ಬೇಕೇಬೇಕೆಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಪ್ರಮಾಣ ಕೇಳಿ ತಿಳಿದುಕೊಂಡೇ ಹೊಡೆಯಿರಿ.

ಈ ಗಿಡ ಸಾಯಿಸಲು ಉಪ್ಪುನೀರು ಹೊಡೆಯುವುದಿದ್ದರೆ ಪಾಳು ಜಾಗಕ್ಕೆ ಮಾತ್ರ. ಹೊಲಕ್ಕೆ ಸುರಿದರೆ ಮಣ್ಣು ಕೆಡುತ್ತದೆ.

ಚಕ್ರಕ್ಕೆ, ನೇಗಿಲಿಗೆ ಮೆತ್ತಿದ ಮಣ್ಣು ತೊಳೆಯದೆ ಟ್ರ್ಯಾಕ್ಟರನ್ನು ಮತ್ತೊಂದು ಹೊಲಕ್ಕೆ ಇಳಿಸಬೇಡಿ.